ಹೊತ್ತು ಮುಳುಗುವಾಗ ಇಳಿದವರು

ಡಿಸೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಧನಪಾಲ ರಾಯಬಾಗ ಠಾಣೆಗೆ ದೂರು ತಂದ. ಅಲಖನೂರಿನಾಚೆಯ ಬೋಳುಗುಡ್ಡದಲ್ಲಿ ಅವನು ಅದೇ ವರ್ಷ ಚಳಿಗಾಲದ ಕ್ಯಾಂಪ್ ಶುರುಮಾಡಿದ್ದ. ಬೇಸಿಗೆಯಲ್ಲಿ ಕಾಲಿಡಲಾಗದ ಆ ಕಲ್ಲುನೆಲ ಈಗ ತಂಪಾಗಿತ್ತು, ಊರೂರಿನಿಂದ ಜನ ಬರುತ್ತಿದ್ದರು. ಅಂದು ನಸುಕಿನಲ್ಲಿ ಅತಿಥಿಗಳು ಸೂರ್ಯೋದಯ ನೋಡಲು ಗುಡ್ಡದ ನೆತ್ತಿಗೆ ಹೋಗಿದ್ದಾಗ ಯಾರೋ ಟೆಂಟುಗಳ ಹಗ್ಗ ಕೊಯ್ದಿದ್ದರು. ಒಳಗೆ ಚಹಾ ಕಾಸುತ್ತಿದ್ದ ನಿಪ್ಪಾಣಿಯ ಅತಿಥಿ ಸಾರಿಕಾಳ ಮೇಲೆ ಟೆಂಟು ಕುಸಿದು, ಅವಳ ಕೈ ಸುಟ್ಟಿತ್ತು.

ಪಿಎಸ್‌ಐ ರಾಜೇಶ್ವರಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಭರಮುವಿನೊಂದಿಗೆ ಗುಡ್ಡಕ್ಕೆ ಹೋದಳು. ಪಂಚರ ಎದುರು ಪಂಚನಾಮೆ ನಡೆಯಿತು. ಬ್ಯಾಗು, ಕ್ಯಾಮೆರಾ ಯಾವುದೂ ಕಳುವಾಗಿರಲಿಲ್ಲ. ಬಂಡೆಯ ಬದಿಯ ಟೆಂಟುಗಳು ನೆಟ್ಟಗಿದ್ದವು. ಎತ್ತರದ ಹುಲ್ಲಿನಲ್ಲಿದ್ದವು ಮಾತ್ರ ಬಿದ್ದಿದ್ದವು.

"ಯಾರ ಜೋಡಿ ಏನರ ತಕರಾರು ಇತ್ತೇನು?" ರಾಜೇಶ್ವರಿ ಧನಪಾಲನನ್ನು ಕೇಳಿದಳು.

"ತಕರಾರಂತ ಇಲ್ರಿ ಮೇಡಂ. ಕುರಿ ಕಾಯೋ ಅಮೋಘಸಿದ್ದ ಹುಲ್ಲಿನ್ಯಾಗ ಟೆಂಟ್ ಹಾಕಬ್ಯಾಡಂದಿದ್ದ. ಮೇವಿನ ಸಲುವಾಗಿ ಇರಬೇಕಂತ ಬಿಟ್ಟೆ."

ಭರಮು ಗುಡ್ಡದ ಹಿಂದಿನಿಂದ ಅಮೋಘಸಿದ್ದನನ್ನು ಕರೆತಂದ. ಅವನ ಕುಡಗೋಲಿನ ಹಿಡಿಯ ಸಂದಿಯಲ್ಲಿ ನೀಲಿ ನೈಲಾನ್ ಎಳೆ ಸಿಕ್ಕಿಕೊಂಡಿತ್ತು.

"ಹಗ್ಗ ಕೊಯ್ದಾಂವ ನೀನ ಏನು?"

"ಹೌದ್ರಿ."

"ಒಳಗ ಹೆಣ್ಮಗಳು ಇದ್ಲು."

ಅವನ ಮುಖ ಬಿಳಿಚಿತು. "ಎಲ್ಲಾರೂ ಮ್ಯಾಲ ಹೋಗ್ಯಾರ ಅನ್ಕೊಂಡಿದ್ದೆರಿ. ಹೆಂಗದಾಳ?"

"ಆಸ್ಪತ್ರ್ಯಾಗ ಅದಾಳ. ಕೈ ಮಾಯತೈತಿ. ಯಾಕ ಕೊಯ್ದಿ?"

"ಹೇಳಿದ್ರ ತಿಳಿಯೂದಿಲ್ರಿ. ಹೊತ್ತು ಮುಳುಗೂತನಕ ನಿಂದರ್ರಿ."

ಹೇಳಿಕೆಗಳು ಇನ್ನೂ ಬಾಕಿ ಇದ್ದವು. ಬಿದ್ದ ಟೆಂಟುಗಳನ್ನೆಲ್ಲ ಸಾಕ್ಷ್ಯಕ್ಕೆಂದು ಜಪ್ತಿಮಾಡಿ ಜೀಪಿಗೆ ಹೇರುವಷ್ಟರಲ್ಲಿ ಸಂಜೆಯಾಯಿತು. ಹುಲ್ಲು ಖಾಲಿಯಾಯಿತು.

ಮೊದಲು ಅಥಣಿಯ ದಿಕ್ಕಿನಿಂದ ಒಂದೇ ಒಂದು ಗಿಡುಗ ಬಂತು. ತೆಳ್ಳನೆಯ ಮೈ, ಬೂದಿಬಣ್ಣದ ಉದ್ದ ರೆಕ್ಕೆ. ಅದರ ಹಿಂದೆ ನಾಲ್ಕಾರು. ಆಮೇಲೆ ಆಕಾಶದ ಎಲ್ಲ ಅಂಚಿನಿಂದಲೂ ಬಂದವು. ಎಣಿಸಲು ಹೊರಟ ರಾಜೇಶ್ವರಿ ಅರ್ಧಕ್ಕೇ ಕೈಬಿಟ್ಟಳು. ಕೆಂಪು ಬೆಳಕಿನಲ್ಲಿ ನೂರಾರು ರೆಕ್ಕೆಗಳು ಸದ್ದಿಲ್ಲದೆ ಅವಳ ತಲೆಯ ಮೇಲೆ ಸುತ್ತಿದವು. ಒಂದೊಂದಾಗಿ ಕಾಲು ಚಾಚಿ ಹುಲ್ಲಿನೊಳಗೆ ಇಳಿದು ಮರೆಯಾದವು. ಅವಳ ತೋಳಿನ ರೋಮ ಎದ್ದು ನಿಂತಿತ್ತು. ಭರಮು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಧನಪಾಲ ನೆಲದ ಮೇಲೆ ಕೂತುಬಿಟ್ಟಿದ್ದ.

"ಯಾ ದೇಶದವೋ ಏನೋ," ಅಮೋಘಸಿದ್ದ ಮೆಲ್ಲಗೆ ಹೇಳಿದ. "ಚಳಿಗಾಲ ಬಂತಂದ್ರ ಇಲ್ಲೇ ಮಲಗಾಕ ಬರ್ತಾವ್ರಿ. ಈ ಸಲ ಟೆಂಟ್ ನೋಡಿ ಇಳೀಲಿಲ್ಲ. ದಿನಾ ಕತ್ತಲಾಗೂತನಕ ಸುತ್ತಿ ಸುತ್ತಿ ಹೋಗ್ತಿದ್ದುವು. ನನಗ ನೋಡಾಕ ಆಗಲಿಲ್ರಿ."

ರಾಜೇಶ್ವರಿ ಅವನಿಗೆ ಬಂಧನದ ಕಾರಣ ತಿಳಿಸಿದಳು. ಅವನು ತಲೆಯಾಡಿಸಿದ. ಕುರಿಗಳ ವಿಷಯ ಅವನ ಹೆಂಡತಿ ಸತ್ತೆವ್ವನಿಗೆ ಮುಟ್ಟಿಸಲು ಒಬ್ಬ ಪಂಚ ಊರಿಗೆ ಹೋದ.

ಭರಮು ಜೀಪಿನ ಕೀಲಿಗೆ ಕೈಹಾಕಿದ.

"ಚಾಲೂ ಮಾಡಬ್ಯಾಡ," ಎಂದಳು ರಾಜೇಶ್ವರಿ. "ಇಳಿಜಾರ ಐತಲ್ಲ. ಹಂಗ ಉರುಳಾಕ ಬಿಡು."

ಜೀಪು ಸದ್ದಿಲ್ಲದೆ ಉರುಳತೊಡಗಿತು. ಹಿಂದಿನ ಸೀಟಿನಲ್ಲಿ ಅಮೋಘಸಿದ್ದ ಕುತ್ತಿಗೆ ಹೊರಳಿಸಿ, ಹುಲ್ಲು ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತಲೇ ಇದ್ದ.