ಯಾರಿಗೂ ಬೇಡದ ಫುಟ್‌ಬಾಲ್ ಡಬ್ಬಿ

ಡಬ್ಬಿಯ ಮುಚ್ಚಳ ತೆಗೆದವನ ಕೈ ಹಾಗೇ ನಿಂತಿತು. ಒಳಗಿರಬೇಕಾಗಿದ್ದದ್ದು ದೀಪಸ್ತಂಭದ ಚಿತ್ರವಿದ್ದ ಕ್ಯಾಸೆಟ್. ಇದ್ದದ್ದು ಫುಟ್‌ಬಾಲ್ ಆಟದ್ದು.

ಕನ್ನಡಕದಂಗಡಿಯವನು ತನ್ನ ಕನ್ನಡಕವನ್ನೇ ತೆಗೆದು, ಒರೆಸಿ, ಮತ್ತೆ ನೋಡಿದ. ಫುಟ್‌ಬಾಲೇ.

ಹಳೆಯ ವಿಡಿಯೋ ಗೇಮ್ ಕ್ಯಾಸೆಟ್‌ಗಳನ್ನು ಅಗ್ಗಕ್ಕೆ ಹುಡುಕಿ ತಂದು ಕೂಡಿಡುವುದು ಅವನ ಹುಚ್ಚು. ಆಡುವುದಿಲ್ಲ, ಕೂಡಿಡುತ್ತಾನೆ ಅಷ್ಟೆ. ರಜೆ ಬಂತೆಂದರೆ ಬೆಳಕು ಹರಿಯುವ ಮೊದಲೇ ಹಳೇ ಸಾಮಾನಿನ ಸಾಲಿಗೆ ಓಡಬೇಕು. ತಾನು ಹಲ್ಲುಜ್ಜುವಷ್ಟರಲ್ಲಿ ಇನ್ನೊಬ್ಬ ಬಾಚಿಕೊಂಡು ಹೋದರೆ? ಅವನ ಕಾಲು ಒಂದು ಕಡೆ ನಿಂತದ್ದನ್ನು ಹೆಂಡತಿ ಮದುವೆಯಾದಂದಿನಿಂದ ಕಂಡಿಲ್ಲ.

ದೀಪಸ್ತಂಭ ಸಿಕ್ಕಿದ್ದೂ ಹಾಗೆ ಓಡಿದ್ದರಿಂದಲೇ. ತಂತಿಗಳ ರಾಶಿಯ ಅಡಿಯಲ್ಲಿ, ಡಬ್ಬಿಯೂ ಇಲ್ಲದೆ ಬಿದ್ದಿತ್ತು. ಜನ ವರ್ಷಗಟ್ಟಲೆ ಹುಡುಕುವ ಮಾಲು, ಚಹಾದ ಬೆಲೆಗೆ! ಪಕ್ಕದಲ್ಲೇ ಇದ್ದ ಗೆಳೆಯ ಗಿಡುಗನ ಕೈ ತುಸು ತಡವಾಯಿತು. ಕಂಡದ್ದರ ಮೇಲೆಲ್ಲ ಎರಗುವುದರಿಂದ ಅವನಿಗೆ ಆ ಹೆಸರು. ಅಂದಿನಿಂದ ಗಿಡುಗ ಮನೆಗೆ ಬಂದರೆ ಮಾತು ಇವನೊಡನೆ, ಕಣ್ಣು ಕಪಾಟಿನ ಮೇಲೆ.

ಅದಕ್ಕೇ ಇವನು ಒಂದು ಉಪಾಯ ಮಾಡಿದ್ದ. ಕಪಾಟಿನ ಕೆಳಗಿನ ಹಲಗೆಯಲ್ಲಿ ಒಂದೇ ಫುಟ್‌ಬಾಲ್ ಆಟದ ನಾಲ್ಕು ಡಬ್ಬಿಗಳಿದ್ದವು. ಹಳೇ ಕ್ಯಾಸೆಟ್‌ಗಳನ್ನು ಗಂಟಾಗಿ ಕೊಂಡರೆ ಆ ಫುಟ್‌ಬಾಲ್ ಬಂದೇ ಬರುತ್ತದೆ, ಅಕ್ಕಿಯಲ್ಲಿ ಕಲ್ಲಿನಂತೆ. ಸಂಗ್ರಹದ ಹುಚ್ಚಿನವರು ಯಾರೂ ಅದನ್ನು ಕಣ್ಣೆತ್ತಿ ನೋಡುವುದಿಲ್ಲ. ಎಡತುದಿಯ ಡಬ್ಬಿಯಿಂದ ಫುಟ್‌ಬಾಲನ್ನು ತೆಗೆದು ಡ್ರಾಯರಿಗೆ ಎಸೆದ. ಅದರ ಜಾಗದಲ್ಲಿ ದೀಪಸ್ತಂಭವನ್ನಿಟ್ಟ. ಹೆಂಡತಿಗೂ ಹೇಳಲಿಲ್ಲ.

ಈಗ ಎಡತುದಿಯ ಡಬ್ಬಿ ಕೈಯಲ್ಲಿದೆ, ದೀಪಸ್ತಂಭವಿಲ್ಲ. ಕಪಾಟಿರುವ ಕೋಣೆಯಲ್ಲಿ ಮಲಗುವವನು ಒಬ್ಬನೇ— ಹೆಂಡತಿಯ ತಮ್ಮ. ಲಿಫ್ಟ್ ರಿಪೇರಿ ಕೆಲಸಕ್ಕೆ ಕರೆ ಬರುವುದನ್ನು ಕಾಯುತ್ತ ಅಕ್ಕನ ಮನೆಯಲ್ಲಿದ್ದಾನೆ. ಸಂಜೆಯಾದರೆ ಟಿವಿಯ ಮುಂದೆ ಕೂತು ಆಡುವುದೂ ಫುಟ್‌ಬಾಲನ್ನೇ. ಇನ್ನೇನು ಬೇಕು?

"ಉಂಡ ಮನೆಗೆ ಎರಡು ಬಗೆದ್ಯಲ್ಲೋ," ಎಂದುಬಿಟ್ಟ.

ಭಾಮೈದ ಕಿಟಕಿಯ ಕಡೆ ಮುಖ ತಿರುಗಿಸಿದ. ಹೆಂಡತಿ ಮಾತ್ರ ಒಳಗೆ ಹೋಗಿ ಎರಡು ಚೀಲ ತಂದು ತುಂಬತೊಡಗಿದಳು. ಒಂದು ತಮ್ಮನದು. ಇನ್ನೊಂದು ತನ್ನದು.

"ನೀನ್ಯಾಕೆ?" ಎಂದ ಗಂಡ.

"ಅವನು ಕಳ್ಳ ಆದ್ರೆ ನಾನು ಕಳ್ಳನ ಅಕ್ಕ. ನೀವು ಡಬ್ಬಿಗಳ ಜೊತೆ ಸಂಸಾರ ಮಾಡಿ."

ಗಲಾಟೆ ಕೇಳಿ ಮಹಡಿಯಿಂದ ಇಳಿದು ಬಂದವಳು ಅವನ ಸೋದರತ್ತೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ನೆಂಟರಿಗೆಲ್ಲ ಟಿಕೆಟ್ ಅತ್ತೆ. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಚೀಲಗಳ ಪಕ್ಕದಲ್ಲೇ ಕುರ್ಚಿ ಎಳೆದು ಕೂತಳು.

"ನೋಡಿ ಅತ್ತೆ, ಮುಖ ಹೇಗೆ ತಿರುಗಿಸಿದಾನೆ!"

"ಟಿಕೆಟ್ ಇಲ್ದೋರು ಕಿಟಕಿ ಕಡೆ ನೋಡ್ತಾರೆ, ನಿಜ. ಟಿಕೆಟ್ ಕಳ್ಕೊಂಡೋರೂ ಹಾಗೇ ನೋಡ್ತಾರೆ ಕಣೋ. ಗಿಡುಗ ಯಾವಾಗ ಬಂದಿದ್ದ?"

ಮೊನ್ನೆ ಸಂಜೆ ಬಂದಿದ್ದ, ಕಪಾಟಿನ ಮುಂದೆ ನಿಂತಿದ್ದ, ಮೇಲಿನ ಹಲಗೆಗಳನ್ನೆಲ್ಲ ತಡಕಿದ. ಫುಟ್‌ಬಾಲ್ ಡಬ್ಬಿಗಳ ಹತ್ತಿರ ಬಗ್ಗಲೂ ಇಲ್ಲ. ಇವನು ಕಣ್ಣು ಮಿಟುಕಿಸದೆ ಕಾದಿದ್ದ.

"ನಾಲ್ಕು ಡಬ್ಬಿ ಅಂದೆ. ಉಳಿದ ಮೂರೆಲ್ಲಿ?"

ಎಡತುದಿಯದೊಂದನ್ನು ಉಳಿಸಿಕೊಂಡು, ಆ ಮೂರನ್ನೂ ನಿನ್ನೆ ಬೆಳಗ್ಗೆ ಹಳೇ ಸಾಮಾನಿನವನಿಗೆ ಕೊಟ್ಟು, ಬದಲಿಗೆ ಕಾರ್ ರೇಸಿನ ಕ್ಯಾಸೆಟ್ ತಂದಿದ್ದ. ತಡವಾದರೆ ಅದು ಗಿಡುಗನ ಪಾಲಾಗುತ್ತಿತ್ತು.

"ಕೊಡೋ ಮುಂಚೆ ತೆಗೆದು ನೋಡಿದ್ಯಾ?"

"ಫುಟ್‌ಬಾಲನ್ನ ಯಾರು ತೆಗೆದು ನೋಡ್ತಾರೆ ಅತ್ತೆ? ಅವನು ಒಂದೊಂದನ್ನೂ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ. ಮೂರರಲ್ಲೂ ಕ್ಯಾಸೆಟ್ ಇತ್ತು. ತಗೊಂಡ."

ಅತ್ತೆ ತಲೆಯಾಡಿಸಿದಳು. ಎದ್ದು ಕಪಾಟಿನ ಹಲಗೆಯ ಮೇಲೆ ಬೆರಳಾಡಿಸಿದಳು. ಬೆರಳು ಚೊಕ್ಕವಾಗಿತ್ತು.

"ಧೂಳು ಒರೆಸಿದ್ದು ಯಾರು? ಇವನಂತೂ ಅಲ್ಲ."

ಭಾಮೈದ ಮೊದಲ ಸಲ ಬಾಯಿ ಬಿಟ್ಟ. ಮೊನ್ನೆ ರಾತ್ರಿ ಗಿಡುಗ ಹೋದ ಮೇಲೆ, ಸುಮ್ಮನೆ ಕೂತು ತಿನ್ನುವುದೇಕೆಂದು ತಾನೇ ಎಲ್ಲವನ್ನೂ ಇಳಿಸಿ ಒರೆಸಿದ್ದನಂತೆ. ಮುಟ್ಟಿದ್ದಕ್ಕೆ ಭಾವ ಬೈದಾರೆಂದು ಹೇಳಿರಲಿಲ್ಲ.

"ಹಾಗಾದ್ರೆ ಆಗಲೇ—" ಎಂದು ಇವನು ಎಗರಿದ.

"ಕೂತ್ಕೋ. ನೀನು ಡ್ರಾಯರಿಗೆ ಎಸೆದ ಫುಟ್‌ಬಾಲ್ ಎಲ್ಲಿ?"

ಡ್ರಾಯರಿನಲ್ಲಿ ಇರಲಿಲ್ಲ.

"ಗೇಮ್ ಮಿಷನ್ನಲ್ಲಿದೆ," ಎಂದ ಭಾಮೈದ. "ಡಬ್ಬಿ ಇಲ್ದೆ ಬಿದ್ದಿತ್ತು, ಯಾರಿಗೂ ಬೇಡದ್ದು ಅಂತ ಆಡ್ತಿದ್ದೆ."

ಅತ್ತೆ ಟಿವಿಯ ಕೆಳಗಿನ ಮಿಷನ್ನಿನಿಂದ ಆ ಕ್ಯಾಸೆಟ್ ಕಿತ್ತು, ಇವನ ತೊಡೆಯ ಮೇಲಿದ್ದ ಇನ್ನೊಂದು ಫುಟ್‌ಬಾಲಿನ ಪಕ್ಕ ಇಟ್ಟಳು.

"ಈಗ ಹೇಳು. ಕಳ್ಳ ನಿನ್ನ ದೀಪಸ್ತಂಭ ತೆಗೆದು ಡಬ್ಬಿಗೆ ಫುಟ್‌ಬಾಲ್ ತುಂಬಿದ ಅಂತೀಯ. ಎಲ್ಲಿಂದ ತಂದ? ಡ್ರಾಯರಿಂದಲ್ಲ, ಅದು ಇಲ್ಲೇ ಇದೆ. ಆ ಮೂರು ಡಬ್ಬಿಗಳಿಂದ್ಲಾ? ಒಂದು ಖಾಲಿ ಆಗ್ಬೇಕಿತ್ತು. ಹಳೇ ಸಾಮಾನಿನವನ ಕಿವಿಗೆ ಮೂರೂ ತುಂಬಿದ್ವು."

ಇವನು ಎರಡು ಫುಟ್‌ಬಾಲುಗಳನ್ನೂ ನೋಡಿದ.

"ಯಾರೂ ಏನೂ ತುಂಬಿಲ್ಲ ಕಣೋ. ನಿನ್ನ ಕೈಲಿರೋದು ಬೇರೆ ಡಬ್ಬಿ. ಒರೆಸಿ ಇಡುವಾಗ ಹಿಂದುಮುಂದಾಗಿದೆ. ಅವನಿಗೇನು ಗೊತ್ತು, ನೀನು ಯಾರಿಗೂ ಬಾಯಿಬಿಟ್ಟಿಲ್ವಲ್ಲ. ಅಲ್ಲಾಡಿದ ಮೂರರಲ್ಲಿ ಒಂದು ನಿನ್ನ ದೀಪಸ್ತಂಭ. ಈ ಮನೆಯಿಂದ ಅದನ್ನ ಹೊತ್ಕೊಂಡು ಹೋದವನು ನೀನೇ."

ಹೆಂಡತಿಯ ಕೈ ಚೀಲದ ಬಾಯಲ್ಲೇ ನಿಂತಿತು. ಬಿಚ್ಚಲೂ ಇಲ್ಲ, ಕಟ್ಟಲೂ ಇಲ್ಲ.

ಇವನು ಆಗಲೇ ಬಾಗಿಲಲ್ಲಿದ್ದ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಅತ್ತೆ ತೋಳು ಹಿಡಿದಳು. ಆ ಗಾಬರಿಯ ಮುಖ ಹೊತ್ತು ಹೋಗಿ ಫುಟ್‌ಬಾಲ್ ಕೇಳಿದರೆ ಹಳೇ ಸಾಮಾನಿನವನೇ ಡಬ್ಬಿ ಬಿಚ್ಚಿ ನೋಡುತ್ತಾನೆ, ಗಿಡುಗ ಅಲ್ಲೇ ಇದ್ದರಂತೂ ಮುಗಿಯಿತು ಎಂದಳು. ಹೋಗಬೇಕಾದವನು ಅದು ಸಿಕ್ಕರೂ ಸಿಗದಿದ್ದರೂ ಒಂದೇ ಅನ್ನುವವನು.

ಎಲ್ಲರೂ ಭಾಮೈದನನ್ನು ನೋಡಿದರು. ಅವನು ಅಕ್ಕನನ್ನು ನೋಡಿದ. ಆಮೇಲೆ ಹೊರಟ.

ಭಾವ ಅವನ ಬೆನ್ನಲ್ಲೇ ಹೋಗಿ ಹಳೇ ಸಾಮಾನಿನ ಸಾಲಿನ ಮೂಲೆಯಲ್ಲಿ ಛತ್ರಿ ರಿಪೇರಿಯವನ ಹಿಂದೆ ಅಡಗಿ ನಿಂತ. ಗಿಡುಗ ಅಲ್ಲೇ ಇದ್ದ, ಹೊಸದಾಗಿ ಬಂದ ಪೆಟ್ಟಿಗೆಯಲ್ಲಿ ಮೊಣಕೈವರೆಗೆ ಮುಳುಗಿ. ಅವನ ಮೊಣಕಾಲ ಪಕ್ಕದಲ್ಲೇ ಮೂರು ಫುಟ್‌ಬಾಲ್ ಡಬ್ಬಿಗಳು. ಭಾಮೈದ ಅವನ್ನೆತ್ತಿದಾಗ ಗಿಡುಗ ನಕ್ಕು, ಹಳೇ ಸಾಮಾನಿನವನಿಗೆ ಏನೋ ಹೇಳಿದ. ಅವನೂ ನಕ್ಕ. ಬೆಲೆಯಲ್ಲಿ ಇನ್ನೂ ಒಂದಿಷ್ಟು ಬಿಟ್ಟ.

ಮೂಲೆಗೆ ಬಂದು ಭಾಮೈದ ಡಬ್ಬಿಗಳನ್ನು ಚಾಚಿದ.

"ನೀವೇ ತೆಗೀರಿ ಭಾವ. ನಾನು ತೆಗೆದು, ಒಳಗಿಲ್ದೇ ಹೋದ್ರೆ..."

ಕನ್ನಡಕದಂಗಡಿಯವನ ಕೈ ಅರ್ಧ ದಾರಿಗೆ ಹೋಗಿತ್ತು. ಅಲ್ಲೇ ತಡೆದ. ಬೆರಳುಗಳು ತುರಿಸುತ್ತಿದ್ದವು. ಅವನ್ನು ಒಯ್ದು ಜೇಬಿನೊಳಗೆ ತುರುಕಿದ.

"ನೀನೇ ಇಟ್ಕೋ," ಎಂದ. "ಮನೆಗೆ ಹೋಗಿ ನಿನ್ನಕ್ಕನ ಮುಂದೆ ತೆಗಿ. ಮೊದಲು ನಾನು ಅವಳೆದುರಿಗೆ ನಿನ್ನ ಹತ್ರ ಒಂದು ಮಾತು ಆಡ್ಬೇಕು. ಆಮೇಲೆ."

"ಇಲ್ದೇ ಹೋದ್ರೆ?"

"ಇಲ್ದೇ ಹೋದ್ರೂ ಆ ಮಾತು ಆಡ್ಬೇಕು."

ಇಬ್ಬರೂ ನಡೆದರು. ಭಾಮೈದನ ಕಂಕುಳಲ್ಲಿ ಮೂರು ಡಬ್ಬಿಗಳು ಹೆಜ್ಜೆಗೊಮ್ಮೆ ಗಲಗಲ ಎನ್ನುತ್ತಿದ್ದವು. ಮೂರರ ಸದ್ದೂ ಒಂದೇ.