ಐದು ಮೂವತ್ತೈದರ ಬಸ್ಸು

2025ರ ಜುಲೈ 14, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಶಿವಮೊಗ್ಗದ ಸೈಬರ್ ಅಪರಾಧ ಠಾಣೆಗೆ ಒಬ್ಬ ಹೆಣ್ಣುಮಗಳು ಬಂದು, "ನನ್ನ ವೆಬ್‌ಸೈಟ್‌ಗೆ ಯಾರೋ ನುಗ್ಗಿ ಬಸ್ಸಿನ ಟೈಮ್ ಬದಲಾಯಿಸ್ತಿದಾರೆ ಸಾರ್" ಎಂದಳು. ಹೆಡ್ ಕಾನ್‌ಸ್ಟೆಬಲ್ ರಂಗಪ್ಪನಿಗೆ ಮೊದಲು ನಗು ಬಂತು. ಖಾತೆ ಬರಿದಾದವರನ್ನು ನೋಡಿದ್ದ, ಫೋಟೊ ಕದ್ದುಹೋದವರನ್ನು ನೋಡಿದ್ದ. ಬಸ್ಸಿನ ಟೈಮ್ ಕಳೆದುಕೊಂಡು ಬಂದವಳು ಇವಳೇ ಮೊದಲು. ಆದರೆ ಅವಳು ಅರ್ಜಿಯನ್ನು ಆಗಲೇ ಬರೆದು ತಂದಿದ್ದಳು. ರಂಗಪ್ಪ ನಗು ನುಂಗಿಕೊಂಡು ಕುರ್ಚಿ ಎಳೆದುಕೊಟ್ಟ.

ಹೆಸರು ಸುಶ್ಮಿತಾ, ವಯಸ್ಸು ಇಪ್ಪತ್ತೊಂಬತ್ತು, ಹೊಸಮನೆ ವಾಸ. ಎಂಟು ವರ್ಷ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಡಿಟಿಪಿ ಕೆಲಸ ಮಾಡಿ, ಹೋದ ತಿಂಗಳು ಬಿಟ್ಟಿದ್ದಳು. ಕೂಡಿಟ್ಟಿದ್ದನ್ನೆಲ್ಲ ಸುರಿದು ಆನ್‌ಲೈನ್ ಹರಾಜಿನಲ್ಲಿ ಒಂದು ವೆಬ್‌ಸೈಟ್ ಕೊಂಡಿದ್ದಳು. ಭದ್ರಾವತಿ, ಶಿವಮೊಗ್ಗ ಮತ್ತು ಸುತ್ತಲಿನ ಊರುಗಳ ಬಸ್ಸಿನ ಸಮಯ ಹೇಳುವ ಸೈಟ್ ಅದು.

ಇನ್‌ಸ್ಪೆಕ್ಟರ್ ವಿದ್ಯಾಶ್ರೀ ಅರ್ಜಿ ಓದಿ ಕೇಳಿದರು.

"ಮಾರಿದವರು ಯಾರು?"

"ಮೂರ್ತಪ್ಪ ಅಂತ, ಭದ್ರಾವತಿ ಕಾಗದನಗರ. ಮುಖ ನೋಡಿಲ್ಲ ಮೇಡಂ. ಹರಾಜಿನ ಸೈಟಿನಲ್ಲೇ ಇಪ್ಪತ್ತೊಂದು ಪ್ರಶ್ನೆ ಕೇಳಿದ್ದೆ. ಎಲ್ಲದಕ್ಕೂ ಉತ್ತರ ಕೊಟ್ರು. ನಂಬಿದೆ."

"ಯಾವಾಗ ಕೈಗೆ ಬಂತು?"

"ಎಂಟನೇ ತಾರೀಖು. ಒಂಬತ್ತರಿಂದಲೇ ಕಾಟ ಶುರು. ನಾನು ಹಾಕಿದ ಟೈಮ್ ಬೆಳಗಾಗೋದ್ರೊಳಗೆ ಬೇರೆ ಆಗಿರುತ್ತೆ. ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದೆ, ಏನೂ ಪ್ರಯೋಜನ ಇಲ್ಲ. ನಿನ್ನೆ ಒಂದು ಹೋಟೆಲಿನ ಜಾಹೀರಾತನ್ನೇ ಕಿತ್ತು ಹಾಕಿದಾರೆ. ಅವರು ಫೋನ್ ಮಾಡಿ ಬೈದ್ರು."

"ದುಡ್ಡು ಅವರಿಗೆ ಸೇರಿದ್ಯಾ?"

"ಇಲ್ಲ. ಹರಾಜಿನವರ ಹತ್ರಾನೇ ಇದೆ. ಹದಿನೆಂಟನೇ ತಾರೀಖು ಸಂಜೆ ಐದರೊಳಗೆ ನಾನು ತಕರಾರು ಹಾಕದಿದ್ರೆ ಅವರಿಗೆ ಹೋಗುತ್ತೆ. ಹಾಕಿದ್ರೆ ದುಡ್ಡು ನನಗೆ ವಾಪಸ್, ಸೈಟ್ ಅವರಿಗೆ ವಾಪಸ್, ಅವರ ಹೆಸರಿನ ಮುಂದೆ ವಂಚಕ ಅಂತ ಬೀಳುತ್ತೆ."

"ಹಾಗಾದ್ರೆ ನಿಮಗೆ ನಷ್ಟ ಇಲ್ವಲ್ಲ."

ಸುಶ್ಮಿತಾ ತಲೆ ತಗ್ಗಿಸಿದಳು. "ಕೆಲಸ ಬಿಟ್ಟಿದೀನಿ ಮೇಡಂ. ನನ್ನದು ಅಂತ ಒಂದು ಮಾಡ್ಬೇಕು ಅಂತ ಬಿಟ್ಟಿದ್ದು. ಸೈಟ್ ಹೋದ್ರೆ ಮತ್ತೆ ಅದೇ ಅಂಗಡಿ, ಅದೇ ಕುರ್ಚಿ. ಅವರು ಮೋಸಗಾರರು ಹೌದೋ ಅಲ್ವೋ, ಅಷ್ಟು ಗೊತ್ತಾಗ್ಬೇಕು."

ಮಧ್ಯಾಹ್ನ ಹನ್ನೆರಡೂಕಾಲಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಸೈಟಿನ ದಾಖಲೆ ತೆಗೆಸಿ ನೋಡಿದರೆ ನುಗ್ಗಿದವರು ಮುಖ್ಯ ಬಾಗಿಲಿಗೆ ಬಂದೇ ಇರಲಿಲ್ಲ. ಫೋನಿನಿಂದ ಸಮಯ ತುಂಬಲು, ಪುಟ ತಿದ್ದಲು ಒಂದು ಪುಟ್ಟ ಆ್ಯಪ್ ಇತ್ತು. ಅದಕ್ಕೆ ಬೇರೆಯದೇ ಕೀಲಿ. ಸುಶ್ಮಿತಾ ಬದಲಾಯಿಸಿದ ಪಾಸ್‌ವರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಪ್ರತಿದಿನ ಬೆಳಗಿನ ನಾಲ್ಕೂಮುಕ್ಕಾಲರಿಂದ ಐದೂಕಾಲರ ನಡುವೆ ಅದೇ ದಾರಿಯಲ್ಲಿ ಯಾರೋ ಒಳಗೆ ಬಂದು ಹೋಗುತ್ತಿದ್ದರು.

"ಮಾರಿದವನೇ ಹಿಂಬಾಗಿಲು ಇಟ್ಕೊಂಡಿದಾನೆ" ಎಂದ ಕಾನ್‌ಸ್ಟೆಬಲ್ ಸುನಿಲ್. "ದುಡ್ಡೂ ಬೇಕು, ಸೈಟೂ ಬೇಕು."

ವಿದ್ಯಾಶ್ರೀ ಆ ಫೋನ್ ಸಂಪರ್ಕ ಯಾರದೆಂದು ತಿಳಿಸುವಂತೆ ಮೊಬೈಲ್ ಕಂಪನಿಗೆ ಪತ್ರ ಬರೆದರು. ರಂಗಪ್ಪ ಮಾತ್ರ ಹಳೇ ಸಮಯ, ಹೊಸ ಸಮಯ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತ. ಅವನ ಮನೆ ಭದ್ರಾವತಿಯ ನ್ಯೂ ಟೌನ್. ಹದಿನೆಂಟು ವರ್ಷದಿಂದ ದಿನಾ ಬಸ್ಸಿನಲ್ಲೇ ಓಡಾಟ. ತಾನು ಹತ್ತುವ ಬಸ್ಸಿನ ಸಾಲು ನೋಡಿದ. ಸುಶ್ಮಿತಾ 8.15 ಎಂದು ಹಾಕಿದ್ದಳು. ಕಳ್ಳ ಅದನ್ನು 8.05 ಮಾಡಿದ್ದ. ಆ ಬಸ್ಸು ಹೊರಡುವುದು 8.05ಕ್ಕೇ.

ಮಂಗಳವಾರ ಬೆಳಿಗ್ಗೆ ಐದಕ್ಕೆಲ್ಲ ಅವನು ಸುನಿಲ್‌ನನ್ನು ಎಬ್ಬಿಸಿಕೊಂಡು ಭದ್ರಾವತಿ ಬಸ್ ನಿಲ್ದಾಣದಲ್ಲಿ ನಿಂತಿದ್ದ.

"ಅಣ್ಣಾ, ಇದೂ ಒಂದು ತನಿಖೆನಾ?"

"ಬಾಯಿ ಮುಚ್ಕೊಂಡು ಬರ್ಕೊ ಮಾರಾಯ."

ಎಂಟೂವರೆಯವರೆಗೆ ಹದಿನಾಲ್ಕು ಬಸ್ಸುಗಳ ಲೆಕ್ಕ. ಹದಿಮೂರು ಬಸ್ಸು ಕಳ್ಳ ಬರೆದ ಸಮಯಕ್ಕೇ ಹೊರಟವು. ಹದಿನಾಲ್ಕನೆಯದು ಬರಲೇ ಇಲ್ಲ. ಫೋನ್ ತೆಗೆದು ಸೈಟ್ ನೋಡಿದರೆ ಆ ಸಾಲಿನ ಎದುರು ಅಂದು ಬೆಳಿಗ್ಗೆಯೇ ಬರೆದಿತ್ತು: 'ಇವತ್ತು ಇಲ್ಲ, ರಿಪೇರಿ.'

ಠಾಣೆಗೆ ಬಂದವನೇ ರಂಗಪ್ಪ ಪಟ್ಟಿಯನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ. "ಮೇಡಂ, ಕಳ್ಳ ಬರೆದಿದ್ದೇ ಸರಿ. ಕೊಂಡವರು ಬರೆದಿದ್ದು ತಪ್ಪು."

ಸುಶ್ಮಿತಾಳನ್ನು ಕರೆದು ಕೇಳಿದರು. ಅವಳು ನಿಲ್ದಾಣದ ಬೋರ್ಡಿನ ಫೋಟೊ ತೆಗೆದು, ಅದನ್ನು ನೋಡಿ ತುಂಬಿದ್ದಳು. ಆ ಬೋರ್ಡಿಗೆ ಬಣ್ಣ ಬಳಿದು ಯಾವ ಕಾಲವಾಯಿತೋ, ಬಸ್ಸಿನವರೇ ಅದನ್ನು ನೋಡುವುದಿಲ್ಲ. ವಿದ್ಯಾಶ್ರೀ ಪಟ್ಟಿ ಮಡಚಿಟ್ಟು ಹೇಳಿದರು. "ಕದಿಯೋಕೆ ಬಂದವನು ಮನೆ ಗುಡಿಸಿ ಹೋಗೋದನ್ನ ನಾನಂತೂ ನೋಡಿಲ್ಲ ರಂಗಪ್ಪ. ಆದ್ರೂ ಬೀಗ ತೆಗೆದಿದ್ದು ಅಪರಾಧಾನೇ. ಹುಡುಕಿ."

ಕಂಪನಿಯ ಉತ್ತರ ಬರುವಾಗ ಗುರುವಾರ ಸಂಜೆ. ಸಿಮ್ ಇದ್ದದ್ದು ಮೂರ್ತಪ್ಪನವರ ಹೆಸರಿನಲ್ಲಿ. ಪ್ರತಿದಿನವೂ ಸಿಕ್ಕಿದ್ದು ಕಾಗದನಗರದ ಟವರ್. ಸುನಿಲ್ ಗೆದ್ದವನಂತೆ ಬೀಗಿದ. ರಂಗಪ್ಪನಿಗೆ ಯಾಕೋ ಸಮಾಧಾನವಾಗಲಿಲ್ಲ.

18ನೇ ತಾರೀಖು, ಶುಕ್ರವಾರ, ಬೆಳಿಗ್ಗೆ ಹತ್ತು. ಸಂಜೆ ಐದಕ್ಕೆ ಸುಶ್ಮಿತಾಳ ಗಡುವು. ವಿದ್ಯಾಶ್ರೀ, ರಂಗಪ್ಪ, ಮಹಿಳಾ ಕಾನ್‌ಸ್ಟೆಬಲ್ ಪೂಜಿತಾ ಕಾಗದನಗರದ ಕ್ವಾರ್ಟರ್ಸಿನ ಮನೆಯೊಂದರ ಬಾಗಿಲು ತಟ್ಟಿದರು. ತೆರೆದವರು ಮೂರ್ತಪ್ಪ. ಕಾಗದ ಕಾರ್ಖಾನೆಯಲ್ಲಿ ಹಾಜರಿ ನೋಡುವ ಟೈಂ ಆಫೀಸಿನಲ್ಲಿದ್ದು ನಿವೃತ್ತರಾದವರು. ಒಂದು ಕಣ್ಣಿಗೆ ಹಸಿರು ಬಟ್ಟೆ.

"ಸೈಟ್ ಮಾರಿದ ಮೇಲೆ ಅದರೊಳಗೆ ಹೋಗಿದ್ರಾ?"

"ಇಲ್ಲ ಮೇಡಂ. ಇದ್ದಿದ್ದನ್ನೆಲ್ಲ ಕೊಟ್ಟಿದೀನಿ. ಒಂದು ಸಾಲು ಸುಳ್ಳು ಹೇಳಿಲ್ಲ."

"ಈ ನಂಬರ್ ನಿಮ್ಮದಾ?"

"ನಂದೇ. ಮನೇಲಿಟ್ಟಿರೋ ಹಳೇ ಫೋನು."

"ಹದಿಮೂರನೇ ತಾರೀಖು ಬೆಳಿಗ್ಗೆ ಐದಕ್ಕೆ ಎಲ್ಲಿದ್ರಿ?"

"ಶಿವಮೊಗ್ಗದ ಕಣ್ಣಾಸ್ಪತ್ರೆಲಿ. ಹನ್ನೆರಡನೇ ತಾರೀಖು ಪೊರೆ ಆಪರೇಷನ್ ಆಯ್ತು. ಸಕ್ಕರೆ ಕಾಯಿಲೆ ಇದೆ ಅಂತ ಒಂದು ರಾತ್ರಿ ಇಟ್ಕೊಂಡ್ರು. ನನ್ನ ತಮ್ಮನ ಮಗ ಪುನೀತ್ ಜೊತೆಗಿದ್ದ. ಸೈಟ್ ಕಟ್ಟಿಕೊಟ್ಟವನೂ ಅವನೇ."

ಆಸ್ಪತ್ರೆಯ ಚೀಟಿ ಹಾಗೆಯೇ ಹೇಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ರಂಗಪ್ಪ ಬೇಕಾದಷ್ಟು ಕಂಡಿದ್ದ. ಮೂರ್ತಪ್ಪ ಹೆಗಲು ಮುಟ್ಟಲಿಲ್ಲ. ಅವರೂ ಆಸ್ಪತ್ರೆಯಲ್ಲಿ, ಪುನೀತನೂ ಆಸ್ಪತ್ರೆಯಲ್ಲಿ. ಫೋನ್ ಮಾತ್ರ ಅಂದು ಬೆಳಿಗ್ಗೆ ಈ ಮನೆಯಲ್ಲಿ ಕೆಲಸ ಮಾಡಿತ್ತು.

"ಸೈಟಿನ ಕೆಲಸಕ್ಕೆ ಬೇರೆ ಯಾರಿದ್ರು?" ವಿದ್ಯಾಶ್ರೀ ಕೇಳಿದರು.

"ಯಾರೂ ಇಲ್ಲ. ನಾನೊಬ್ಬನೇ. ಹರಾಜಿನಲ್ಲೂ ಹಾಗೇ ಬರೆದಿದೀನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ರಂಗಪ್ಪ ಅತ್ತ ನೋಡಿದ. ಗೋಡೆಯ ಮೇಲೊಂದು ಕ್ಯಾಲೆಂಡರ್, ದಿನದಿನದ ಚೌಕದಲ್ಲೂ ಪೆನ್ಸಿಲಿನ ಸಣ್ಣ ಅಂಕಿಗಳು. ಹಾಲಿನ ಲೆಕ್ಕವಿರಬೇಕು ಎಂದುಕೊಂಡ. ಆದರೆ ಯಾವ ಮನೆಗೂ ಹಾಲು 5.35 ಲೀಟರ್ ಬರುವುದಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ಒಳಗೆ ಕೇಳುವಂತೆ ಹೇಳಿದ.

"ಮೇಡಂ, ನಾಳೆ ನಮ್ಮನೆಯವಳು ಶಿವಮೊಗ್ಗಕ್ಕೆ ಹೋಗ್ಬೇಕು. ಲಕ್ಕವಳ್ಳಿಯಿಂದ ಬರೋ ಬಸ್ಸು ಇಲ್ಲಿಗೆ ಐದೂ ಐವತ್ತಕ್ಕೆ ಅಲ್ವಾ? ಅದಕ್ಕೇ ಕಳಿಸ್ತೀನಿ."

"ಐದೂ ಐವತ್ತಕ್ಕೆ ಹೋದ್ರೆ ಬಸ್ಸಿನ ಹೊಗೆ ಸಿಗುತ್ತೆ" ಎಂದಿತು ಒಳಗಿನ ದನಿ. "ಐದೂ ಮೂವತ್ತೈದು. ಭಾನುವಾರ ಅದೂ ಇಲ್ಲ."

ಆಡಿದ ಮೇಲೆ ಆ ದನಿಗೆ ಅರಿವಾಯಿತೇನೋ, ಸೌಟು ಕೆಳಗಿಟ್ಟ ಸದ್ದಾಯಿತು. ಮೂರ್ತಪ್ಪನವರ ಹೆಂಡತಿ ಬಂಗಾರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕೇಳುವ ಮೊದಲೇ ಅಕ್ಕಿ ಡಬ್ಬಿಯ ಹಿಂದಿನಿಂದ ಹಳೇ ಫೋನ್ ತಂದು ಮೇಜಿನ ಮೇಲಿಟ್ಟರು.

"ನಾನೇ ಮಾಡಿದ್ದು. ಅವರಿಗೆ ಗೊತ್ತಿಲ್ಲ."

"ಏನೇ ಇದು?" ಎಂದರು ಮೂರ್ತಪ್ಪ.

"ಎಷ್ಟು ದಿನದಿಂದ ಮಾಡ್ತಿದೀರಮ್ಮ?" ವಿದ್ಯಾಶ್ರೀ ಕೇಳಿದರು.

"ಒಂಬತ್ತು ವರ್ಷ. ಪುನೀತ ನನಗೆ ಅಂತಲೇ ಆ ಆ್ಯಪ್ ಹಾಕ್ಕೊಟ್ಟಿದ್ದ. ಬೆಳಿಗ್ಗೆ ಎದ್ದು ಕಂಡಕ್ಟರುಗಳಿಗೆ ಫೋನ್ ಮಾಡ್ತೀನಿ. ಯಾವ್ದು ಹೊರಡುತ್ತೆ, ಯಾವ್ದು ಕೆಟ್ಟು ನಿಂತಿದೆ ಅಂತ ಕೇಳಿ ಹಾಕ್ತೀನಿ."

"ಅವಳು ಸುಮ್ನೆ ಟೈಮ್ ತುಂಬ್ತಿದ್ಲು ಮೇಡಂ, ಅಷ್ಟೇ" ಎಂದರು ಮೂರ್ತಪ್ಪ.

ವಿದ್ಯಾಶ್ರೀ ಅವರತ್ತ ತಿರುಗಿದರು. "ಟೈಮ್ ಬಿಟ್ರೆ ಆ ಸೈಟಿನಲ್ಲಿ ಬೇರೇನಿದೆ ಮೂರ್ತಪ್ಪನವರೇ?"

ಮೂರ್ತಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಆ ಮನುಷ್ಯ ಸುಳ್ಳು ಹೇಳಿದವನಲ್ಲ; ಕಣ್ಣೆದುರಿನ ಕೆಲಸ ಕಾಣದೇ ಹೋದವನು, ಅದಕ್ಕೆ ಪೊರೆಯನ್ನು ದೂರಿ ಫಲವಿಲ್ಲ ಎಂದು ರಂಗಪ್ಪನಿಗೆ ಅನ್ನಿಸಿತು. ಮರುಗಳಿಗೆಗೆ ಅವನಿಗೆ ತನ್ನ ಮನೆಯೂ ನೆನಪಾಯಿತು.

"ಹೋಟೆಲಿನ ಜಾಹೀರಾತು ಯಾಕೆ ತೆಗೆದ್ರಿ?"

"ಸರಿಯಾಗಿ ಮೊದಲನೇ ಬಸ್ಸಿನ ಸಾಲಿನ ಮೇಲೆ ಕೂರ್ಸಿದ್ರು, ಟೈಮೇ ಕಾಣ್ತಿರ್ಲಿಲ್ಲ. ಆ ಬಸ್ಸಿಗೆ ಗಾರ್ಮೆಂಟ್ಸ್ ಹುಡುಗಿಯರು, ಆಸ್ಪತ್ರೆ ಆಯಾಗಳು ಬರ್ತಾರೆ. ಕತ್ತಲಲ್ಲಿ ಮನೆ ಬಿಡೋರು. ಹದಿನೈದು ನಿಮಿಷ ತಪ್ಪಾದ್ರೆ ಅವರ ಅರ್ಧ ದಿನದ ಕೂಲಿ ಹೋಗುತ್ತೆ."

"ಮಾರಬೇಡಿ ಅನ್ಬಹುದಿತ್ತಲ್ಲ?"

"ನನ್ನ ಯಾರು ಕೇಳಿದ್ರು?" ಎಂದರು ಬಂಗಾರಮ್ಮ. "ಮಾರಿದ ಮೇಲೆ ಗೊತ್ತಾಯ್ತು. ಒಬ್ಬನೇ ನಡೆಸಿದ್ದು ಅಂತ ಹರಾಜಿನಲ್ಲಿ ಬರೆದಿದ್ದನ್ನ ಓದಿದೆ. ಹೊಟ್ಟೆ ಉರೀತು. ಆದ್ರೂ ಬೆಳಗಾದ್ರೆ ಎಚ್ಚರ ಆಗುತ್ತೆ, ತಪ್ಪು ಟೈಮ್ ಕಾಣುತ್ತೆ, ಕೈ ಸುಮ್ನಿರಲ್ಲ."

ಪಕ್ಕದ ಮನೆಗಳ ಇಬ್ಬರನ್ನು ಪಂಚರಾಗಿ ಕರೆದು, ಫೋನನ್ನೂ ಕ್ಯಾಲೆಂಡರನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. 11.40ಕ್ಕೆ, ಪೂಜಿತಾಳ ಸಮಕ್ಷಮ, ಬಂಗಾರಮ್ಮನವರನ್ನು ಬಂಧಿಸಲಾಯಿತು. ಮನೆ ಬಿಡುವ ಮುನ್ನ ಅವರು ಒಲೆ ಆರಿಸಿ, ಗಂಡನ ಕಣ್ಣಿನ ಡ್ರಾಪ್ಸ್ ಎಲ್ಲಿದೆ ಎಂದು ಹೇಳಿ ಬಂದರು.

ಮಧ್ಯಾಹ್ನ ಮೂರಕ್ಕೆ ಸುಶ್ಮಿತಾ ಠಾಣೆಗೆ ಬಂದಳು. ವಿದ್ಯಾಶ್ರೀ ನಡೆದದ್ದನ್ನು ಹೇಳಿದರು. "ಮೂರ್ತಪ್ಪನವರು ನಿಮಗೆ ಮೋಸ ಮಾಡಿಲ್ಲ. ಅಪರಾಧ ಆಗಿರೋದು ನಿಜ. ಇದು ಜಾಮೀನು ಸಿಗೋ ಕೇಸು, ಇವತ್ತೇ ಬಿಡ್ತೀವಿ. ಮುಂದೆ ರಾಜಿ ಆಗೋದಾದ್ರೆ ಕೋರ್ಟಿನಲ್ಲಿ ಹೇಳ್ಬಹುದು. ತಕರಾರು ಹಾಕೋದು ಬಿಡೋದು ನಿಮಗೆ ಬಿಟ್ಟಿದ್ದು."

ಸುಶ್ಮಿತಾ ಬೆಂಚಿನ ಮೇಲಿದ್ದ ಬಂಗಾರಮ್ಮನವರ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಮಗಾ" ಎಂದರು ಬಂಗಾರಮ್ಮ. "ನಿನ್ನ ದುಡ್ಡು ಹಾಕಿ ಕೊಂಡಿದ್ದು. ನಾನು ಕೈ ಹಾಕ್ಬಾರ್ದಿತ್ತು."

"ನಾನೂ ಬೋರ್ಡ್ ನೋಡಿ ತುಂಬಬಾರ್ದಿತ್ತು ಅಮ್ಮ. ಮಂಗಳವಾರದಿಂದ ನಾನೇನೂ ಮುಟ್ಟಿಲ್ಲ. ದಿನಾ ನೀವು ಹಾಕಿದ್ದೇ ಇದೆ."

"ನನ್ನ ಫೋನು ಇವರ ಹತ್ರ ಇದೆ. ನಾಳೆ ಬೆಳಿಗ್ಗೆ ಟೈಮ್ ಯಾರು ಹಾಕ್ತಾರೆ?"

ಸುಶ್ಮಿತಾ ಇನ್‌ಸ್ಪೆಕ್ಟರ್ ಮುಖ ನೋಡಿದಳು.

"ಮಾಲೀಕರು ಒಪ್ಪಿ, ಅವರೇ ಕೀಲಿ ಕೊಟ್ಟು ಮಾಡಿಸಿದ್ರೆ ಅದು ಕೆಲಸ, ಅಪರಾಧ ಅಲ್ಲ" ಎಂದರು ವಿದ್ಯಾಶ್ರೀ. "ಬರವಣಿಗೆಯಲ್ಲಿ ಇಟ್ಕೊಳಿ. ಸಂಬಳಾನೂ ಬರೀರಿ."

ನಾಲ್ಕೂ ನಲವತ್ತಕ್ಕೆ ಸುಶ್ಮಿತಾ ಹರಾಜಿನ ಪುಟ ತೆರೆದು 'ಒಪ್ಪಿಗೆ' ಒತ್ತಿದಳು. ದುಡ್ಡು ಮೂರ್ತಪ್ಪನವರ ಕಡೆ ಹೊರಟಿತು. ಸೈಟ್ ಅವಳದಾಯಿತು. ಅವಳು ನೆಮ್ಮದಿಯಿಂದ ಅಲ್ಲೇ ಬಂಗಾರಮ್ಮನವರ ಪಕ್ಕ ಬೆಂಚಿನ ಮೇಲೆ ಕುಳಿತಳು. ರಂಗಪ್ಪನಿಗೂ ಎದೆ ಹಗುರವಾಯಿತು. ಎಲ್ಲರಿಗೂ ಚಹಾ ಹೇಳಿದ.

ಆಮೇಲೆ ಜಾಮೀನಿನ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಬಂಧನದ ದಾಖಲೆಯನ್ನು ಇನ್ನೊಮ್ಮೆ ಓದಿದ. ಬೆಳಿಗ್ಗೆ ತಾನೇ ತುಂಬಿದ್ದು. ಹೆಸರು: ಬಂಗಾರಮ್ಮ. ವಯಸ್ಸು: 61. ಉದ್ಯೋಗ: ಏನೂ ಇಲ್ಲ, ಮನೆಯಲ್ಲೇ.

ಆ ಸಾಲನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಬರೆದ: ಬಸ್ ವೇಳಾಪಟ್ಟಿ ನಿರ್ವಹಣೆ, ಒಂಬತ್ತು ವರ್ಷದಿಂದ. ತಿದ್ದಿದ್ದಕ್ಕೆ ತನ್ನ ಚಿಕ್ಕ ಸಹಿ ಹಾಕಿ ಹಾಳೆಯನ್ನು ಬಂಗಾರಮ್ಮನವರ ಮುಂದಿಟ್ಟ. ಅವರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಎರಡು ಸಲ ಓದಿ, ನಿಧಾನವಾಗಿ ಸಹಿ ಮಾಡಿದರು.