ಟಿಕ್, ಟಿಕ್, ಟಣ್

"ಟಿಕ್, ಟಿಕ್... ಟಣ್," ಎಂದ ಗ್ರೇಡಿ, ಹುಬ್ಬು ಕುಣಿಸುತ್ತಾ.

ಹಳೇ ಕಾರು ತಂದವರೆಲ್ಲ ಹೀಗೆ ಬಾಯಲ್ಲೇ ಎಂಜಿನ್ ಆಗುತ್ತಾರೆ. ಚಿಕ್ಕಪ್ಪ ಅರ್ವೋನ ಗ್ಯಾರೇಜಿನಲ್ಲಿ ಐಲಿ ಎಷ್ಟೋ ಜನರ ಕೆಮ್ಮು, ಗೊರಕೆ, ಸಿಳ್ಳೆ ಕೇಳಿದ್ದಾಳೆ. ಆದರೆ ಕೊನೆಯ 'ಟಣ್'ಗೆ ತುಟಿ ಓರೆಯಾಗುವುದು ಗ್ರೇಡಿಗೆ ಮಾತ್ರ. ಆ ಓರೆಗಾಗಿಯೇ ಅವಳು, "ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದ್ಸಲ," ಅನ್ನುತ್ತಿದ್ದಳು.

ಐಲಿ ಅವನ ಕಾರಿನ ಪ್ಲಗ್ ಬದಲಿಸಿದ ದಿನದಿಂದ ಶುರುವಾದ ಶಬ್ದ ಅದು. ಅವನು ಎಷ್ಟು ಸಲ ಬಂದರೂ ಅದರ ಮೂಲ ಸಿಗಲಿಲ್ಲ. ಅವಳು ಮನಸ್ಸಿಟ್ಟು ಹುಡುಕಿದ್ದಳೆಂದೂ ಹೇಳಲಾಗದು. ಸಿಕ್ಕಿದರೆ ಅವನು ಬರುವುದು ನಿಲ್ಲುತ್ತಿತ್ತು.

ಆಮೇಲೆ ಹಿಮ ಬಿತ್ತು. ಅವನು ಕೆಲವು ವಾರ ಬರಲೇ ಇಲ್ಲ. ಇವತ್ತು ಬಂದಿದ್ದಾನೆ, ಕೈಯಲ್ಲಿ ಮಾಂಸ ತುಂಬಿ ಬೇಯಿಸಿದ ಎರಡು ಬಿಸಿ ಪೇಸ್ಟಿಯ ಪೊಟ್ಟಣ.

ಬಾನೆಟ್ ಎತ್ತಿದವಳು ಹಾಗೇ ನಿಂತಳು. ರೇಡಿಯೇಟರ್ ಪೈಪಿಗೆ ಹೊಸ ಕ್ಲಿಪ್. ಐಲಿ ಕ್ಲಿಪ್ಪಿನ ಸ್ಕ್ರೂ ಯಾವಾಗಲೂ ಮೇಲ್ಮುಖವಾಗಿ ಬಿಗಿಯುತ್ತಾಳೆ. ಇದು ಪಕ್ಕಕ್ಕೆ ತಿರುಗಿದೆ.

"ಯಾರ ಕೈ ಇದು?"

"ಅಕ್ಕನ ಊರಿಗೆ ಹೋಗಿದ್ದೆ. ದಾರೀಲಿ ಪೈಪ್ ಸೋರ್ತು. ಅಲ್ಲೊಬ್ಬಳು, ಮರ್ಲೀನ್ ಅಂತ, ಹಾಕ್ಕೊಟ್ಳು."

"ಮರ್ಲೀನ್." ಹೆಸರು ಬಾಯಲ್ಲಿ ಗ್ರೀಸಿನಂತೆ ಅಂಟಿತು. "ಈ ಶಬ್ದಾನೂ ಕೇಳಿದ್ಳಾ?"

"ಕೇಳ್ದೆ ಇರ್ತಾಳಾ? ಅವಳೂ ಮೆಕ್ಯಾನಿಕ್ಕೇ."

"ನೀನು ಅವಳ ಮುಂದೆ... ಬಾಯಲ್ಲಿ ಮಾಡಿ ತೋರಿಸಿದ್ಯಾ?"

ಗ್ರೇಡಿ ಕಣ್ಣು ಕಿರಿದು ಮಾಡಿ ನೋಡಿದ. "ತೋರಿಸ್ದೆ. ಬಿದ್ದು ಬಿದ್ದು ನಕ್ಳು."

ಐಲಿ ಪಾನಾ ಎತ್ತಿಕೊಂಡು ಆ ಕ್ಲಿಪ್ಪನ್ನು ಅದರ ಹಲ್ಲು ಮುರಿಯುವಂತೆ ತಿರುಗಿಸಿದಳು. "ಕೆಟ್ಟ ಕೆಲಸ. ಎಲ್ಲ ಬಿಚ್ಚಬೇಕು."

ಆಚೆಯಿಂದ ಅರ್ವೋ ಕೂಗಿದ: "ಮಗಳೇ, ಆ ಕ್ಲಿಪ್ ಪಾಪ ಏನ್ ಮಾಡ್ತು?"

"ನಿನ್ನ ಕೆಲಸ ನೋಡ್ಕೋ ಚಿಕ್ಕಪ್ಪ!"

ಬಿಚ್ಚಿದರೆ ಪೈಪಿನಲ್ಲಿ ಹುಳುಕೇ ಇಲ್ಲ. ಮರ್ಲೀನಳ ಕೆಲಸ ಅಚ್ಚುಕಟ್ಟು. ಅದು ಇನ್ನೂ ಉರಿಸಿತು. ಮತ್ತೆ ಬಿಗಿದು, ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೂ ಅದರ ಹಿಡಿ ತನ್ನ ಕಿವಿಗೂ ಒತ್ತಿ ಬಾಗಿದಳು. ಈ ಸಲ ನಿಜವಾಗಿ ಕೇಳಿದಳು. ಪಂಪಿನಲ್ಲಿಲ್ಲ. ಬೆಲ್ಟಿನಲ್ಲಿಲ್ಲ. ಹಿಂದೆ, ಕೆಳಗೆ, ಹೊಗೆ ಪೈಪಿನ ಮೇಲಿನ ತಗಡಿನಲ್ಲಿ...

"ಆಫ್ ಮಾಡು."

ಎಂಜಿನ್ ತಣ್ಣಗಾಗುವವರೆಗೆ ಅವಳು ಪಾನಾಗಳನ್ನು ಒರೆಸಿಟ್ಟಳು. ಪೇಸ್ಟಿಯ ಪೊಟ್ಟಣ ಬೆಂಚಿನ ಮೇಲೆ ಹಾಗೇ ಇತ್ತು. ನಂತರ ಐಲಿ ತೋಳು ತೂರಿಸಿ, ತಡಕಿ, ಒಂದು ಪುಟ್ಟ ಲೋಹದ ತುಂಡು ಹೊರತೆಗೆದಳು. ನಟ್ಟು ಬಿಚ್ಚುವ ಹತ್ತರ ಸಾಕೆಟ್. ಅದರ ಅಂಚಿಗೆ ಕೆಂಪು ನೇಲ್ ಪಾಲಿಶ್. ಅವಳೇ ಬಳಿದದ್ದು. ಕಳೆದುಹೋಯಿತೆಂದು ಅರ್ವೋನನ್ನು ಬೈದು, ಮೂಲೆ ಮೂಲೆ ಗುಡಿಸಿದ್ದಳು. ಪ್ಲಗ್ ಹಾಕುವಾಗ ಅವಳ ಕಣ್ಣು ಎಲ್ಲಿತ್ತೆಂದು ಅವಳಿಗೆ ಗೊತ್ತು.

"ಮರ್ಲೀನ್‌ಗೆ ಇದು ಕಾಣಿಸಲಿಲ್ವಾ?" ದನಿ ಸಣ್ಣಗಾಗಿತ್ತು.

"ಕಾಣಿಸ್ತು. ತೆಗಿಯೋಕೆ ಹೋದ್ಳು. ಬೇಡ ಅಂದೆ."

"ಯಾಕೆ?"

"ಅವಳೂ ಅದೇ ಕೇಳಿದ್ಳು. ಹೇಳ್ದೆ. ಅದಕ್ಕೇ ನಕ್ಕಿದ್ದು." ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಶಬ್ದ ನಿಂತ್ರೆ ಇಲ್ಲಿಗೆ ಏನ್ ನೆಪ ಹೇಳ್ಕೊಂಡ್ ಬರ್ಲಿ, ಐಲಿ?"

ಅವಳ ಕಿವಿ ಸಾಕೆಟ್ಟಿನ ಅಂಚಿನಷ್ಟೇ ಕೆಂಪಾಯಿತು. ಸಾಕೆಟ್ಟನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ಇನ್ಮೇಲೆ ಸುಮ್ನೆ ಬಾ. ಐದೂವರೆಗೆ ಬಾಗಿಲು ಹಾಕ್ತೀವಿ."

"ಆಯ್ತು."

"ಮತ್ತೆ, ಗ್ರೇಡಿ..."

"ಹೂಂ?"

"ಆ 'ಟಣ್' ಇನ್ಯಾರ ಮುಂದೂ ಮಾಡ್ಬೇಡ."

ಅವನ ತುಟಿ ಓರೆಯಾಯಿತು. ಶಬ್ದ ಬರುವ ಮೊದಲೇ ಅವಳು ಅದನ್ನು ಮುತ್ತಿನಿಂದ ಮುಚ್ಚಿದಳು.